ಮಾಮನ ಜೀಪಿನ ಚೌಕಟ್ಟು

ಮೊನ್ನೆ ಡೊಂಬಿವಲಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾನು ಕೂತಿದ್ದ ರಿಕ್ಷಾ ಟ್ರಾಫಿಕ್ಕಿಗೆ ನಿಂತಿತ್ತು. ಪಕ್ಕದ ಶೆಡ್ಡಿನಿಂದ, ಕಬ್ಬಿಣಕ್ಕೆ ಬಣ್ಣದ ಪುಡಿ ಹಚ್ಚಿ ಬೇಯಿಸುವ ಪೌಡರ್ ಕೋಟಿಂಗಿನ ಕಾದ ವಾಸನೆ ಬಂತು. ಮೂಗಿಗೆ ಬಡಿದದ್ದೇ ತಡ, ವರ್ತಕ ನಗರದ ನಮ್ಮ ಪಕ್ಕದ ಮನೆಯ ಮಾಮ ನೆನಪಾದರು...

ಉಡುಪಿ ಕಡೆಯ ಈ ಮಾಮನಿಗೆ ಎಲ್ಲದರ ಮೇಲೂ ಅನುಮಾನ. ಹಾಲಿನವನ ಹಾಲು, ನಮ್ಮ ಕಟ್ಟಡದ ಸೊಸೈಟಿಯ ನೀರಿನ ಮೀಟರು, ಯಾವುದನ್ನೂ ನಂಬರು. ಕೊನೆಗೆ ನಾನು ಕೊಟ್ಟ ಪ್ರಸಾದವನ್ನೂ ಮೂಸಿ ನೋಡಿಯೇ ಬಾಯಿಗೆ ಹಾಕುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ನಂಬಿದ್ದು ಒಬ್ಬರನ್ನೇ, ಉಲ್ಹಾಸನಗರದಲ್ಲಿ ಪೌಡರ್ ಕೋಟಿಂಗ್ ಅಂಗಡಿ ಇಟ್ಟಿದ್ದ ತಮ್ಮ ಹಳೆಯ ಗೆಳೆಯರನ್ನು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಹೋಟೆಲಿನಲ್ಲಿ ದುಡಿದು, ಒಂದೇ ಚಾಪೆಯಲ್ಲಿ ಮಲಗಿದವರು.

ಮಾಮನ ಜೀಪಿನ ಮುಂದಿನ ಗಾಜಿನ ಚೌಕಟ್ಟು ತುಕ್ಕು ಹಿಡಿದಾಗ ಅದನ್ನು ಬಿಚ್ಚಿ ಅಲ್ಲಿಗೇ ಒಯ್ದೆವು. ತುಕ್ಕು ತೆಗೆದು, ಕಪ್ಪು ಪುಡಿ ಹಚ್ಚಿ, ಭಟ್ಟಿಯಲ್ಲಿ ಬೇಯಿಸಿ ಕೊಟ್ಟಾಗ ಹೊಚ್ಚ ಹೊಸದರಂತೆ ಮಿರುಗುತ್ತಿತ್ತು. ಅದೇ ತಪ್ಪಾಯಿತು ನೋಡಿ. ಮಾಮ ಕೆಳಗಿನ ಅಂಚನ್ನು ಉಗುರಿನಿಂದ ಸವರಿದರು. ಗುರುತಿಗೆಂದು ಮನೆಯಲ್ಲೇ ಅರದಿಂದ ಗೀರಿ ತಂದಿದ್ದರಂತೆ, ಯಾರಿಗೂ ಹೇಳದೆ.

"ಇದು ನನ್ನದಲ್ಲ. ನಾ ಹಾಕಿದ ಗೀರು ಇಲ್ಲ," ಎಂದರು.

ಆ ಗೆಳೆಯರು ಮಾಮನ ಮುಖವನ್ನೇ ನೋಡಿದರು. "ನನ್ನತ್ರ ತರುವಾಗ್ಲೂ ಗುರುತು ಹಾಕಿದ್ಯಾ ಮಾರಾಯ?"

ಅರ ತೆಗೆದುಕೊಂಡು, ತಾವೇ ಮಾಡಿದ ಕೋಟಿಂಗನ್ನು ಆ ಜಾಗದಲ್ಲಿ ಉಜ್ಜಿದರು. ಬರಿಯ ಕಬ್ಬಿಣದ ಮೇಲೆ, ಪುಡಿ ತುಂಬಿಕೊಂಡಿದ್ದ ಗೀರು ಕಪ್ಪಗೆ ಕಾಣಿಸಿತು. "ತಕೋ, ನಿಂದೇ. ಇನ್ನು ಇಲ್ಲಿಗೆ ಬರ್ಬೇಡ."

"ಈಗಲೇ ಗೀರಿದ್ದೋ ಏನೋ, ಯಾರಿಗ್ಗೊತ್ತು?" ಎಂದು ಮಾಮ ದಾರಿಯಲ್ಲಿ ಗೊಣಗಿದರು. ಆದರೆ ಸ್ವರದಲ್ಲಿ ಜೀವವಿರಲಿಲ್ಲ.

ಆಮೇಲೆ ಎಷ್ಟೋ ಸಲ "ನಾಳೆ ಹೋಗಿ ಮಾತಾಡ್ಸಿ ಬರುವ" ಎಂದರು. ಹೋಗಲಿಲ್ಲ. ಮುಂದಿನ ವರ್ಷ ಆ ಗೆಳೆಯರು ತೀರಿಕೊಂಡ ಸುದ್ದಿಯನ್ನು ನಾನೇ ತಂದೆ.

"ಸುಳ್ಳು. ನಾ ಹೋಗ್ಬಾರ್ದು ಅಂತ ಅವನೇ ಹೇಳ್ಸಿದ್ದು," ಎಂದರು ಮಾಮ. ಸುಳ್ಳು ಹಿಡಿಯಲೆಂದೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನನ್ನೂ ಕರೆದುಕೊಂಡು ಉಲ್ಹಾಸನಗರಕ್ಕೆ ಹೊರಟರು. ಅಂಗಡಿಯ ಅರ್ಧ ಎಳೆದ ಶಟರಿನೊಳಗೆ ಹಾರ ಹಾಕಿದ ಫೋಟೋ ಇತ್ತು. ಮಾಮ ಹತ್ತಿರ ಹೋಗಿ ಬಹಳ ಹೊತ್ತು ಪರೀಕ್ಷಿಸಿದರು.

"ಹಳೇ ಫೋಟೋ ಇದು... ಅವ ಈಗ ಹೀಗಿಲ್ಲ," ಎಂದರು.

ನಾನು ಮಾಮನ ತೋಳು ಹಿಡಿದು ಈಚೆ ಕರೆತಂದೆ.

ಡೊಂಬಿವಲಿಯ ಟ್ರಾಫಿಕ್ಕು ಸಡಿಲವಾಗಿ ರಿಕ್ಷಾ ಹೊರಟಿತು. ಈಗ ಮಾಮನೂ ಇಲ್ಲ. ಅವರು ತೀರಿಹೋದರೆಂದು ಅವರ ಮಗಳು ಫೋನ್ ಮಾಡಿದಾಗ ನಾನೂ "ಸುಳ್ಳು" ಅಂದುಬಿಟ್ಟಿದ್ದೆ. ಇಷ್ಟು ಕಾಲವಾದ ಮೇಲೆ ಹಾಗನ್ನಲಿಕ್ಕೂ ಆಗುವುದಿಲ್ಲ.