ಬೆಟ್ಟಕ್ಕೆ ಅಂತ ಹೇಳಿ ಆಸ್ಪತ್ರೆಗೆ

ಗುಂಡ್ಲುಪೇಟೆಯಲ್ಲಿ ತರಕಾರಿ ಸಾಗಿಸುವ ಗೂಡ್ಸ್ ಆಟೊ ಓಡಿಸುವವನು ನಾನು. ಓದಿದ್ದು ಏಳನೇ ಕ್ಲಾಸು. ಎಷ್ಟೋ ಬಾಡಿಗೆ ಹೊಡೆದಿದ್ದೇನೆ, ಆದರೆ ನೆನೆದಾಗೆಲ್ಲ ನನ್ನ ಮೇಲೇ ಸಿಟ್ಟು ಬರುವುದು ಎರಡು ವರ್ಷದ ಹಿಂದಿನ ಒಂದು ಟ್ರಿಪ್ಪಿಗೆ. ಅವತ್ತು ಪಕ್ಕದಲ್ಲಿ ಕೂತಿದ್ದವಳು ಎಂಟು ವರ್ಷದ ನನ್ನ ತಂಗಿ ಚಿನ್ನಿ.

ಅವಳಿಗೆ ಇದ್ದಕ್ಕಿದ್ದಂತೆ ಕಣ್ಣು ಮೇಲೆ ಸಿಕ್ಕಿಕೊಂಡು ಮೈ ಸೆಟೆಯುತ್ತಿತ್ತು. ಚಾಮರಾಜನಗರದಲ್ಲಿ ನರರೋಗದ ಡಾಕ್ಟರಿಗೆ ತೋರಿಸಬೇಕಿತ್ತು. ಅದಕ್ಕೆ ಮೊದಲು ಇಇಜಿ, ಅಂದರೆ ತಲೆಗೆ ವೈರು ಅಂಟಿಸಿ ಮೆದುಳಿನ ಕರೆಂಟನ್ನು ಗೆರೆಗಳಲ್ಲಿ ತೋರಿಸುವ ಪರೀಕ್ಷೆ. ಅದನ್ನು ನೋಡಿಯೇ ಮಾತ್ರೆ ಬರೆಯುವುದು. ದಿನ ಕೊಟ್ಟ ನರ್ಸಮ್ಮ, "ತಲೆ ತೊಳೆದು ಬನ್ನಿ, ಎಣ್ಣೆ ಬೇಡ. ಮಗುಗೆ ಎಲ್ಲಾ ಮೊದಲೇ ಹೇಳಿ" ಅಂದಿದ್ದರು.

ನಾನು ಹೇಳಲಿಲ್ಲ. ಆಸ್ಪತ್ರೆ ಅಂದರೆ ಊರೆಲ್ಲ ಒಂದಾಗುವಂತೆ ಅಳುತ್ತಾಳೆ. "ಗೋಪಾಲಸ್ವಾಮಿ ಬೆಟ್ಟಕ್ಕೆ ಓಗನ ಕಣಮ್ಮಿ" ಅಂದುಬಿಟ್ಟೆ.

ದೇವರ ಹತ್ತಿರ ಹೋಗುವುದೆಂದು ಬೆಳಿಗ್ಗೆ ಅವ್ವನ ಮುಂದೆ ತಲೆ ಬಿಚ್ಚಿ ಕೂತಳು. "ಇನ್ನೊಂಚೂರು ಆಕವ್ವ, ಜಡೆ ಮಿನುಗ್ಬೇಕು." ಎಣ್ಣೆಯ ವಿಷಯ ಅವ್ವನಿಗೆ ಗೊತ್ತಿರಲಿಲ್ಲ. ಬೇಡ ಅಂದರೆ ಚಿನ್ನಿ ಯಾಕೆ ಅನ್ನುತ್ತಾಳೆ. ಇಷ್ಟು ಎಣ್ಣೆಯಿಂದ ಏನಾಗುತ್ತೆ ಅಂತ ಸುಮ್ಮನೆ ನಿಂತೆ. ಅವ್ವ ಹೂ ಮುಡಿಸಿ ಕೂಲಿಗೆ ಹೋದಳು.

ಆಟೊ ಚಾಮರಾಜನಗರದ ರಸ್ತೆಗೆ ತಿರುಗಿದಾಗ ಚಿನ್ನಿ ಕೇಳಿದಳು, "ಅಣ್ಣ, ಬೆಟ್ಟ ಆ ಕಡೆ ಅಲ್ವಾ?"

"ಡೀಸೆಲ್ ಆಕ್ಸ್ಕೊಂಡು ಓಗನ."

ಪರೀಕ್ಷೆಯ ಕೋಣೆಯಲ್ಲಿ ಟೆಕ್ನಿಷಿಯನ್ ಕೂದಲು ಮುಟ್ಟಿ ನೋಡಿ, "ಎಣ್ಣೆ ಬೇಡ ಅಂದಿರಲಿಲ್ವೇನ್ರೀ? ವೈರು ನಿಲ್ಲಲ್ಲ" ಅಂದರು.

"ಅಂದಿದ್ರು ಸಾ."

ಒರೆಸಲು ಹೋದರೆ ಚಿನ್ನಿ ಬಾಗಿಲಿಗೆ ಜೋತುಬಿದ್ದಳು. "ಸುಳ್ಳ! ಬೆಟ್ಟ ಅಂದೆ!" ಹಿಡಿದ ನನ್ನ ಕೈಯನ್ನು ಕಚ್ಚಿದಳು. ಪರೀಕ್ಷೆ ಆಗಲೇ ಇಲ್ಲ. ಮುಂದಿನ ದಿನ ಸಿಕ್ಕಿದ್ದು ತಿಂಗಳ ಮೇಲೆ. ದಾರಿಯುದ್ದಕ್ಕೂ ಅವಳನ್ನೇ ಬೈದೆ. ಬೈಸಿಕೊಳ್ಳಬೇಕಾದವನು ಸ್ಟೇರಿಂಗ್ ಹಿಡಿದಿದ್ದ.

ಆ ತಿಂಗಳಲ್ಲೇ ನಲ್ಲಿ ಹತ್ತಿರ ಸೆಟೆದು ಬಿದ್ದು ಅವಳ ಮುಂದಿನ ಹಲ್ಲು ಮುರಿಯಿತು.

ಎರಡನೇ ಸಲ ಹೊರಡುವ ಮೊದಲೇ ವೈರು, ಅಂಟು, ಕಣ್ಣ ಮುಂದೆ ಮಿನುಗುವ ಲೈಟು ಎಲ್ಲಾ ಹೇಳಿದೆ. ತಲೆ ತೊಳೆಸಿಕೊಂಡು ಬಂದಳು. ಆದರೂ ಮಂಚ ಹತ್ತಲಿಲ್ಲ. ನನ್ನನ್ನು ದಾಟಿ ಟೆಕ್ನಿಷಿಯನ್ ಮುಖ ನೋಡಿ, "ಸಾ, ಸೂಜಿ ಇಲ್ಲ ಅಂತಾನೆ. ನಿಜವಾ?" ಅಂದಳು. ಅವರೂ ಸೂಜಿ ಇಲ್ಲ ಅಂದಮೇಲೆಯೇ ಮಲಗಿದಳು.

ಮಾತ್ರೆ ಶುರುವಾಗಿ ಈಗ ಸೆಟೆಯುವುದು ಕಮ್ಮಿಯಾಗಿದೆ. ಲೋಡು ಹತ್ತಿಸುವ ಮೊದಲು ಎಲ್ಲಿಗೆ ಅಂತ ಹೇಳುವುದು ನಮ್ಮ ಕೆಲಸದ ಮೊದಲ ಪಾಠ. ಟೊಮೆಟೊ ಕೊಡುವವನಿಗೆ ಯಾವ ಮಂಡಿಗೆ ಅಂತ ದಿನಾ ಹೇಳುತ್ತಿದ್ದವನು ತಂಗಿಗೆ ಹೇಳಲಿಲ್ಲ. ಇವತ್ತಿಗೂ ನಾನು ಏನೇ ಹೇಳಲಿ, ಅವಳು ಒಮ್ಮೆ ಅವ್ವನ ಕಡೆ ತಿರುಗಿ ನೋಡುತ್ತಾಳೆ.