ತೊಗಟೆಯ ಮೇಲೆ ಸುತ್ತಿದ ಹುರಿ

ಮುನಿಯಾಚಾರ್ರೇ, ಭಜನೆ ಮಂದಿರದ ಬಾಗಿಲಿನ ಮರವನ್ನು ನೀವು ಕದ್ದಿರಲಿಲ್ಲ. ಅಷ್ಟು ಮರ ಇರಲೇ ಇಲ್ಲ — ತಪ್ಪು ಅಳೆದವನು ನಾನು. ತಪ್ಪೆಂದು ತಿಳಿದ ಮೇಲೂ ಬಾಯಿ ಬಿಡಲಿಲ್ಲ.

ಆಗ ನಾನು ಬಂಗಾರಪೇಟೆಯಲ್ಲಿ ಮರ ಕೊಯ್ಯುವ ಒಂದು ಸಾಮಿಲ್ಲಿನಲ್ಲಿ ಅಳತೆಗಾರ. ವಯಸ್ಸು ಇಪ್ಪತ್ತಾರು, ದಿಮ್ಮಿಯನ್ನು ಕಣ್ಣಲ್ಲೇ ಅಳೆಯಬಲ್ಲೆ ಎಂಬ ಕೊಬ್ಬು. ಆಂಡರ್ಸನ್‌ಪೇಟೆಯ ಹಿರಿಯರು ಮಂದಿರಕ್ಕೆ ದಾನ ಬಂದ ಬೇವಿನ ದಿಮ್ಮಿಯನ್ನು ಗಾಡಿಯಲ್ಲಿ ತಂದಿದ್ದರು. ಪದ್ಧತಿ ನಿಮಗೂ ಗೊತ್ತು: ದಿಮ್ಮಿಯ ನಡುವಿಗೆ ಹುರಿ ಸುತ್ತಿ, ಅದನ್ನು ನಾಲ್ಕಾಗಿ ಮಡಿಸಿ, ಬಂದ ಅಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿದರೆ ಘನ ಅಡಿ. ಆದರೆ ಹುರಿ ಸುತ್ತುವ ಮುನ್ನ ಅಲ್ಲಿಯ ತೊಗಟೆ ಕೆತ್ತಬೇಕು, ಇಲ್ಲದಿದ್ದರೆ ಅದೂ ಮರದ ಲೆಕ್ಕಕ್ಕೆ ಸೇರುತ್ತದೆ. ನಾನು ಕೆತ್ತಲಿಲ್ಲ. ಹಿರಿಯರು ನೋಡುತ್ತಿದ್ದರು, ಚಕಚಕನೆ ಲೆಕ್ಕ ಹೇಳಿ ಭೇಷ್ ಅನ್ನಿಸಿಕೊಳ್ಳುವ ಆಸೆ... "ನಾಲ್ಕು ಬಾಗಿಲಿಗೆ ಧಾರಾಳ" ಎಂದುಬಿಟ್ಟೆ.

ಕೊಯ್ದ ಹಲಗೆಗಳನ್ನು ಯಾರೂ ಎಣಿಸದೆ, ಬಾಗಿಲು ಮಾಡಲು ಒಪ್ಪಿಕೊಂಡಿದ್ದ ನಿಮ್ಮ ಮನೆಗೆ ಸಾಗಿಸಿದರು. ಮೂರು ಬಾಗಿಲಿಗೇ ಮರ ಮುಗಿಯಿತು. ಆ ಸುದ್ದಿ ಬಂದ ಬೆಳಿಗ್ಗೆ ಮಿಲ್ಲಿನ ಹಿಂದೆ ಬಿದ್ದಿದ್ದ ಬೇವಿನ ತೊಗಟೆಯನ್ನು ಎತ್ತಿ ನೋಡಿದೆ. ಅಂಗುಲಕ್ಕೂ ಮಿಕ್ಕ ದಪ್ಪ. ಅದನ್ನು ಕಳೆದು ಮತ್ತೆ ಲೆಕ್ಕ ಹಾಕಿದೆ — ಮೂರೇ ಬಾಗಿಲು.

ಒಂದು ಬಾಗಿಲಿನ ಮರ ನೀವು ಕದ್ದಿರೆಂದು ಹಿರಿಯರು ಮಧ್ಯಾಹ್ನ ನಮ್ಮಿಬ್ಬರನ್ನೂ ಮಂದಿರದ ಅಂಗಳಕ್ಕೆ ಕರೆಸಿದರು. ಎಲ್ಲರ ಮುಂದೆ ನೀವು ನನ್ನ ಕಡೆಗೇ ತಿರುಗಿದಿರಿ: "ಅಳ್ದೋನು ನೀನೇ ಅಲ್ವೇನಪ್ಪಾ, ನೀನೇ ಯೋಳು. ದ್ಯಾವ್ರ ಮರ ನಾನ್ಯಾಕ್ ಮುಟ್ಲಿ?"

"ಅಳತೆ ಸರಿಯಾಗೇ ಐತೆ" ಎಂದೆ.

ನೀವು ಅಂಗಳ ದಾಟಿ ಹೊರಟುಹೋದಿರಿ. ನಾನು ಆಗಲಾದರೂ — ಇಲ್ಲ, ಆಗಲೂ ಹೇಳಲಿಲ್ಲ. ಆಮೇಲೆ ರಾಬರ್ಟ್‌ಸನ್‌ಪೇಟೆಯವರೆಗೂ ಯಾರೂ ನಿಮ್ಮನ್ನು ನಂಬಿ ಮರ ಕೊಡಲಿಲ್ಲ. ತೊಟ್ಟಿಲಿಗೆ ಹೂಬಳ್ಳಿ ಕೆತ್ತುತ್ತಿದ್ದ ನೀವು ಗಣಿಯ ಆಳದಲ್ಲಿ, ಬಂಡೆ ಕುಸಿಯದಂತೆ ಒರಟು ಕಂಬ ನಿಲ್ಲಿಸುವ ಕೆಲಸಕ್ಕೆ ಇಳಿದಿರಿ. ಊರಿಗಾಂನ ಗಣಿಯಲ್ಲಿ ಪಾಳಿ ಮುಗಿಸಿ ಬರುವ ನಿಮ್ಮನ್ನು ಎಷ್ಟೋ ಸಲ ಕಂಡೆ — ಕಂಡು, ರಸ್ತೆಯ ಆಚೆ ಬದಿಗೆ ದಾಟಿಕೊಂಡೆ. ನನಗೆ ನಾಚಿಕೆಯಾಗುತ್ತಿತ್ತು. ಆದರೆ ಊರಿನ ಮಾತು ಕೇಳಿಸಿಕೊಂಡವರು ನೀವು, ನಿಮ್ಮ ಮಕ್ಕಳು.

ನಿಮ್ಮೊಬ್ಬರ ಕಿವಿಯಲ್ಲಿ ತಪ್ಪಾಯಿತು ಎಂದರೆ ಸಾಲದು. ಈ ಶನಿವಾರ ಭಜನೆ ಮುಗಿದ ಮೇಲೆ, ಅದೇ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಅಂದು ಅಲ್ಲಿದ್ದ ಹಿರಿಯರಲ್ಲಿ ಈಗ ಇಬ್ಬರೇ ಇದ್ದಾರೆ. ಮಿಕ್ಕವರು ನಿಮ್ಮನ್ನು ಕಳ್ಳನೆಂದೇ ನಂಬಿಕೊಂಡು ಕಣ್ಣು ಮುಚ್ಚಿದರು.