ನಮ್ಮ ಬಿಳಿ ಮುತ್ತಜ್ಜಿಯ ವಿಳಾಸ

ಪುಣೆಯಲ್ಲಿ ಬೆಕ್ಕಿನ ಕಣ್ಣು ಅಪರೂಪವೇನಲ್ಲ. ಆದರೆ ಬೆಳಗಾವಿ ಕಡೆಯಿಂದ ಬಂದ ಲಿಂಗಾಯತರಲ್ಲಿ ಅದು ಇದ್ದದ್ದು ನಮ್ಮ ಮನೆಯವರಿಗಷ್ಟೇ. ಕೊಟ್ಟವಳು ನಮ್ಮಪ್ಪನ ತಾಯಿಯ ತಾಯಿ. ಇಂಗ್ಲೆಂಡಿನಿಂದ ಸೋಲ್ಜರ ಗಂಡನ ಜೊತೆ ಹಡಗು ಹತ್ತಿ ಬಂದವಳು. ಅವನು ಇಲ್ಲಿಯ ದಂಡಿನಲ್ಲಿ ಕಾಲರಾ ಬಂದು ಸತ್ತ. ಆಮೇಲೆ ಆಕೆ ದಂಡಿಗೆ ಬಟ್ಟೆ ಮಾರುತ್ತಿದ್ದ ನನ್ನ ಮುತ್ತಜ್ಜನ ಕೈಹಿಡಿದಳು, ಲಿಂಗದೀಕ್ಷೆ ಪಡೆದಳು, ರೊಟ್ಟಿ ಬಡಿಯಲು ಕಲಿತಳು. ಆ ರೊಟ್ಟಿ ಕಡೆಯವರೆಗೂ ದುಂಡಗಾಗಲಿಲ್ಲವಂತೆ. ಆಕೆ ದೊಡ್ಡ ಲಾಟಸಾಹೇಬರ ವಂಶದವಳೆಂದು ನಮ್ಮವರು ಬೀಗರ ಮುಂದೆಲ್ಲ ಬಡಾಯಿ ಕೊಚ್ಚುತ್ತಿದ್ದರು.

ಅಜ್ಜಿಗೆ ಮಾತ್ರ ತಾಯಿಯ ಮೇಲೆ ಉರಿಯುವ ಸಿಟ್ಟು. ಮುತ್ತಜ್ಜಿ ತೀರಿಕೊಂಡಾಗ ಅಜ್ಜಿ ಬೆಳಗಾವಿಯ ಗಂಡನ ಮನೆಯಲ್ಲಿ ನಮ್ಮಪ್ಪನನ್ನು ಹೆತ್ತು ಹಸಿ ಬಾಣಂತಿ, ಮಣ್ಣಿಗೆ ಬರಲಾಗಲಿಲ್ಲ. ಆಮೇಲೆ ಗಂಡನ ಜೊತೆ ಪುಣೆಗೇ ಬಂದು ನೆಲೆಸಿದಾಗ ಕೇಳಿದರೆ ಅವಳ ಅಪ್ಪ, "ನಿಮ್ಮವ್ವ ತನ್ನ ಮಂದಿ ಕಡೆ ಹೋದ್ಲವಾ. ಇಂಗ್ರೇಜಿ ಗೋರಸ್ತಾನದಾಗ ಇಡ್ರಿ ಅಂತ ಆಕಿನೇ ಅಂದಿದ್ಲು" ಎಂದುಬಿಟ್ಟ. ಆ ಮಾತನ್ನು ಅಜ್ಜಿ ನುಂಗಿಕೊಳ್ಳಲಿಲ್ಲ, ನಲವತ್ತೈದು ವರ್ಷ ಅಗಿಯುತ್ತಲೇ ಇದ್ದಳು. ಹಾಲು ಉಕ್ಕಿದರೂ ತಾಯಿಗೇ ಬೈಗುಳ.

ಯುದ್ಧದ ಕಾಲದಲ್ಲಿ ಅಜ್ಜಿ ಒಂದು ಜ್ವರದಿಂದ ಕಷ್ಟಪಟ್ಟು ಎದ್ದಳು. ಎದ್ದವಳೇ ನನ್ನನ್ನು ಕರೆದು, "ಆಕಿನ್ನ ಎಲ್ಲಿ ಇಟ್ಟಾರ ಹುಡುಕೋ. ನಾ ಸಾಯೂದ್ರಾಗ ಒಮ್ಮೆ ಮುಂದ ನಿಂತು ಕೇಳಬೇಕು, ನಾವೇನು ಕಡಿಮಿ ಮಾಡಿದ್ವಿ ಬಿಟ್ಟು ಹೋದಿ ಅಂತ" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಕ್ಯಾಂಪಿನ ಅಂಗಡಿಯೊಂದರಲ್ಲಿ ಕಾರಕೂನನಾಗಿದ್ದ ನನಗೆ ನಾಲ್ಕು ಅಕ್ಷರ ಇಂಗ್ಲಿಷ್ ಬರುತ್ತಿತ್ತು. ಹಾಗಾಗಿ ಎರಡು ಭಾನುವಾರ ಗೋರಸ್ತಾನದಲ್ಲಿ ಕಲ್ಲು ಓದುತ್ತ ಅಲೆದೆ. ಸತ್ತ ಮೇಲೂ ಕರ್ನಲ್ಲುಗಳದು ಮುಂದಿನ ಸಾಲು, ಸಿಪಾಯಿಗಳದು ಗೋಡೆಯ ಬುಡ. ನಮ್ಮವಳು ಎಲ್ಲೂ ಇಲ್ಲ. ಕೊನೆಗೆ ಚರ್ಚಿನ ಮುದಿ ಗುಮಾಸ್ತ ದಪ್ಪ ಪುಸ್ತಕ ತೆಗೆದ. ಇಂಗ್ಲೆಂಡಿನ ಆಕೆಯ ಊರಿನಿಂದ ಬಂದ ಮದುವೆ ಕಾಗದದ ನಕಲು ಸಿಕ್ಕಿತು. ಹುಡುಗಿಯ ತಂದೆಯ ಕಸುಬು: ಹಂದಿ ಕಡಿದು ಮಾರುವುದು. ಈರುಳ್ಳಿಗೂ ಮೂಗು ಮುಚ್ಚುವ ನಮ್ಮ ಸೋದರತ್ತೆಯ ಮುಖ ನೆನೆದು ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಗುಮಾಸ್ತ ನಗಲಿಲ್ಲ. "ಇಲ್ಲಿ ಆಕೆಯನ್ನು ಹೂತ ದಾಖಲೆ ಇಲ್ಲ. ಧರ್ಮ ಬಿಟ್ಟವರಿಗೆ ಆಗ ನಮ್ಮಲ್ಲಿ ಜಾಗವೂ ಸಿಗುತ್ತಿರಲಿಲ್ಲ. ನಿಮ್ಮವರನ್ನೇ ಕೇಳಿ" ಎಂದು ಮರಾಠಿಯಲ್ಲಿ ಹೇಳಿ ಪುಸ್ತಕ ಮುಚ್ಚಿದ.

ನಮ್ಮವರೆಂದರೆ ಮಠದ ಐನೋರು. ಎಂಬತ್ತು ದಾಟಿದವರು. ವಿಷಯ ತೆಗೆಯುತ್ತಲೇ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು.

"ಅಯ್ಯ, ನಮ್ಮ ರುದ್ರಭೂಮ್ಯಾಗ ಅದಾಳಪಾ! ನಮ್ಮಪ್ಪಾರು ಕೂಡಿಸಿದ್ರು, ನಾ ವಿಭೂತಿ ಹಿಡಕೊಂಡು ನಿಂತಿದ್ದೆ. ಆದ್ರ ಆಕಿ ಮೊಣಕಾಲು ಮಡಚವಲ್ವು. ಎಷ್ಟೋ ವರ್ಷದಿಂದ ನೆಲಕ್ಕ ಕುಂತಾಕೀನೇ ಅಲ್ಲ. ಹಿರ್‍ಯಾರು ತಲಿ ಕೆರಕೊಂಡ್ರು. ನಮ್ಮಪ್ಪಾರು ಅಂದ್ರು, ಸತ್ತವರನ್ನ ಕೂಡಸಿ ಹೂಳಬೇಕು ಅಂತ ಐತಿ, ನೆಲಕ್ಕ ಕೂಡಸಬೇಕಂತ ಎಲ್ಲೈತಿ? ಒಂದು ಖುರ್ಚಿ ತರ್ರಿ. ಗುಣಿ ಇನ್ನಷ್ಟು ಆಳ ತೋಡಿಸಿ, ಖುರ್ಚಿ ಮ್ಯಾಲೇ ಕೂಡಿಸಿ ಅಂಗೈಯಾಗ ಲಿಂಗ ಇಟ್ವಿ. ನಿಮ್ಮ ಮುತ್ಯಾಗ ನಾಚಿಕಿ. ಪ್ಯಾಟ್ಯಾಗ ನಗತಾರ, ಯಾರಿಗೂ ಹೇಳಬ್ಯಾಡ್ರಿ ಅಂತ ಕೈ ಮುಗದ."

"ಆಕೆ ಇಂಗ್ರೇಜಿ ಗೋರಸ್ತಾನ ಕೇಳಿದ್ಲಂತಲ್ರಿ?"

"ಎಲ್ಲೀದು? ಮಗಳು ಬರೂತನಕಾ ತಡೀರಿ ಅಂದಿದ್ಲು. ಬಾಣಂತಿ ಹೆಂಗ ಬರತಾಳ?"

ನನಗೆ ನಗು ನಿಂತುಹೋಯಿತು. ಮುತ್ತಜ್ಜನ ಮೇಲೆ ಕೆಂಡದಂಥ ಕೋಪ ಬಂತು. ಅಂಗಡಿ ಬೀದಿಯ ನಾಲ್ಕು ಜನರ ನಗುವಿಗೆ ಹೆದರಿ ಒಬ್ಬ ಮಗಳಿಗೆ ಅವಳ ತಾಯಿಯನ್ನೇ ಇಲ್ಲದಂತೆ ಮಾಡಿದ್ದ ಪುಣ್ಯಾತ್ಮ.

ಮನೆಗೆ ಬಂದು ಅಜ್ಜಿಗೆ ಒಂದೂ ಬಿಡದೆ ಹೇಳಿದೆ. ಹಂದಿಯ ವಿಷಯಕ್ಕೆ "ಹೋಗ್ಲಿ ಬಿಡು" ಎಂದಳು. ಖುರ್ಚಿಯ ಮಾತಿಗೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಮಗಳು ಬರುವತನಕ ತಡೆಯಿರಿ ಎಂದಿದ್ದಳಂತೆ ಎಂದಾಗ ಎದ್ದು ಚಪ್ಪಲಿ ಹುಡುಕತೊಡಗಿದಳು.

ಟಾಂಗಾ ಮಾಡಿಕೊಂಡು ಹೋದೆವು. ಬೇವಿನ ಗಿಡದ ಹತ್ತಿರದ ಜಾಗವನ್ನು ಐನೋರು ಕೋಲಿನಿಂದ ತೋರಿಸಿದರು. ಅಲ್ಲಿ ಕಲ್ಲೂ ಇಲ್ಲ, ಹೆಸರೂ ಇಲ್ಲ, ಬರೀ ಹುಲ್ಲು. ಕೇಳಬೇಕೆಂದಿದ್ದ ಪ್ರಶ್ನೆಯನ್ನು ಅಜ್ಜಿ ಕೇಳಲಿಲ್ಲ. ನನ್ನ ಭುಜ ಹಿಡಿದು ಮೆಲ್ಲಗೆ ಕೂತು, ಎರಡೂ ಅಂಗೈ ಮಣ್ಣಿಗೆ ಊರಿದಳು.

"ಇಲ್ಲೇ ಇದ್ದಿಯೇನವಾ?" ಎಂದಳು. "ದಿನಾ ಬೈದ್ನಲ್ಲ ನಿನಗ. ಒಮ್ಮೆರ ಎದ್ದು ಬಂದು ನನ್ನ ಕಪಾಳಕ್ಕ ಬಡೀಬಾರದಿತ್ತ?"